ಬಾಗಿಲು ಹಾಕಿದ ಚಿಕ್ಕಮ್ಮ

ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಿಂದ ಮೆಟ್ಟಿಲಿಳಿದು ಬಂದವರು ಬೇರೆ ಕಡೆ ತಿರುಗುವುದಕ್ಕೇ ಜಾಗವಿಲ್ಲದ ಹಾಗೆ, ಸರಿಯಾಗಿ ಬುಡದಲ್ಲೇ ಆ ಕನ್ನಡಕದ ಅಂಗಡಿ ಇದೆ. ಬೋರ್ಡಿನ ಮೇಲೆ ಯಜಮಾನರ ಹೆಸರು. ಬೀದಿಯವರ ಬಾಯಲ್ಲಿ ಮಾತ್ರ ಅದು ಕನ್ನಡಕದಮ್ಮನ ಅಂಗಡಿ. ಯಜಮಾನರು ಮುಂದೆ ಕೂತು ಗಾಜಿನ ಕಪಾಟು ಒರೆಸುತ್ತಾರೆ, ಬಂದವರ ಕಷ್ಟಸುಖ ವಿಚಾರಿಸುತ್ತಾರೆ, ಯಾರು ಯಾವ ಫ್ರೇಮು ಹಾಕಿಕೊಂಡರೂ "ನಿಮಗೇ ಹೇಳಿ ಮಾಡಿಸಿದ ಹಾಗಿದೆ" ಅನ್ನುತ್ತಾರೆ. ಕೆಲಸ ಎಂದು ಕರೆಯಬಹುದಾದದ್ದೆಲ್ಲ ನಡೆಯುವುದು ಒಳಗಿನ ಇಕ್ಕಟ್ಟು ಕೋಣೆಯಲ್ಲಿ. ಅಲ್ಲಿ ಸಾಣೆಯ ಯಂತ್ರದ ಮುಂದೆ ಕನ್ನಡಕದಮ್ಮ ಕೂತಿರುತ್ತಾಳೆ. ಅಂಚು ಸವೆಸಿದ ಗಾಜನ್ನು ಫ್ರೇಮಿಗೆ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಾಳೆ. ಕೂತಿತೋ, "ಹ್ಞೂಂ, ಹೋಗು ಇನ್ನು" ಎಂದು ಕನ್ನಡಕಕ್ಕೇ ಹೇಳಿ ಪಕ್ಕಕ್ಕಿಡುತ್ತಾಳೆ.

ಗಿರಾಕಿಗಳ ಹೆಸರು ಆಕೆಗೆ ನೆನಪಿರುವುದಿಲ್ಲ. ಮೂಗು, ಕಿವಿ ನೆನಪಿರುತ್ತವೆ. "ಎಡಗಿವಿ ಸ್ವಲ್ಪ ಮೇಲಿರೋರು ಬಂದಿದ್ರಾ?" ಎಂದು ಕೇಳಿದರೆ ಯಜಮಾನರಿಗೆ ತಕ್ಷಣ ಗೊತ್ತಾಗಬೇಕು, ಗೊತ್ತಾಗುತ್ತದೆ ಕೂಡ. ಬಂದವರ ಮೂಗಿನ ಮೇಲೆ ಕನ್ನಡಕ ಕೂರಿಸಿ, ಹಿಂದೆ ಸರಿದು ನಿಂತು, ತಲೆ ವಾರೆ ಮಾಡಿ ನೋಡಿ, ಕಡ್ಡಿಯನ್ನು ಬಿಸಿ ಮಾಡಿ ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ಕೂರಿಸುತ್ತಾಳೆ. ಅಷ್ಟು ಹೊತ್ತಿಗೆ ಬಂದವರಿಗೆ, ನಮ್ಮ ಮುಖವನ್ನು ಇಷ್ಟು ಶ್ರದ್ಧೆಯಿಂದ ಹೆತ್ತ ತಾಯಿಯೂ ನೋಡಿರಲಿಲ್ಲವಲ್ಲ ಅನ್ನಿಸಿರುತ್ತದೆ.

ಓದುವ ಕನ್ನಡಕ ಸರಿಯಾಗಿದೆಯೇ ಎಂದು ನೋಡಲು ಎಲ್ಲ ಅಂಗಡಿಗಳಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಸಣ್ಣದು, ಇನ್ನೂ ಸಣ್ಣದು, ಸೊಳ್ಳೆಯ ಕಾಲಿನಷ್ಟು ಸಣ್ಣದು ಎಂದು ಇಳಿಯುತ್ತಾ ಹೋಗುವ ಅಕ್ಷರದ ಸಾಲುಗಳು. ಕನ್ನಡಕದಮ್ಮ ಆ ಕಾರ್ಡನ್ನು ಎಂದೋ ಮೂಲೆಗೆ ಎಸೆದಿದ್ದಾಳೆ. ಮೇಲಿನ ಡಾಕ್ಟರ ಹತ್ತಿರವೂ ಅದೇ ಕಾರ್ಡ್ ಇರುವುದರಿಂದ ಜನರಿಗೆ ಅದು ಬಾಯಿಪಾಠವಾಗಿರುತ್ತದೆ. ಕಣ್ಣು ಮಂಜಾಗಿದ್ದರೂ ಗಳಗಳ ಒಪ್ಪಿಸಿ, ಕನ್ನಡಕ ತೆಗೆದುಕೊಂಡು ಹೋಗಿ, ಮಾರನೇ ದಿನ ಜಗಳಕ್ಕೆ ಬರುತ್ತಾರೆ. ಅದಕ್ಕೆ ಆಕೆ ತಾನು ಓದುತ್ತಿರುವ ಕಾದಂಬರಿಯನ್ನೇ ಅವರ ಕೈಗೆ ಕೊಡುತ್ತಾಳೆ, ತಾನು ಓದಿ ಮುಗಿಸಿದ ಪುಟ ತೆರೆದು. ಅವರು ತಡವರಿಸಿದರೆ ಒಂದಕ್ಷರವನ್ನೂ ಹೇಳಿಕೊಡುವುದಿಲ್ಲ. "ಕಾಣದೇ ಇದ್ರೆ ಕಾಣಲ್ಲ ಅನ್ನಿ. ಊಹೆ ಮಾಡ್ಬೇಡಿ. ಅಲ್ಲಿ ಏನು ಬರೆದಿದೆಯೋ ಅದು" ಎನ್ನುವುದು ಆಕೆಯ ಕಡ್ಡಾಯದ ಮಾತು. ಕನ್ನಡಕಕ್ಕೆಂದು ಬಂದ ಎಷ್ಟೋ ಜನ "ಆಮೇಲೇನಾಯ್ತು?" ಎಂದು ಕೂತುಬಿಟ್ಟದ್ದುಂಟು.

ಕಾದಂಬರಿ ಆಕೆಯ ಹುಚ್ಚು. ಎಲ್ಲ ಕಾದಂಬರಿಯೂ ಅಲ್ಲ. ಒಂದು ಮನೆ ಇರಬೇಕು, ಅದರಲ್ಲಿ ತಲೆತಲಾಂತರದ ಜನ ಇರಬೇಕು, ಮುತ್ತಜ್ಜನ ಕಾಲದಲ್ಲಿ ಯಾರೋ ಮಾಡಿದ್ದನ್ನು ಮರಿಮಗಳ ಕಾಲದವರೆಗೆ ಎಲ್ಲರೂ ಮುಚ್ಚಿಡುತ್ತಾ ಬಂದಿರಬೇಕು. ಅಂಥದ್ದು ಸಿಕ್ಕರೆ ಆಕೆಗೆ ಊಟ ಬೇಡ. ಯಾರು ಯಾರ ಮಗ, ಯಾರ ಸೊಸೆ ಯಾರ ಮೇಲೆ ಮುಖ ಊದಿಸಿಕೊಂಡಳು, ಎಲ್ಲ ನಾಲಿಗೆಯ ತುದಿಯಲ್ಲಿ. ಕೊನೆಯ ಪುಟ ಮೊದಲೇ ನೋಡುವ ಜನರನ್ನು ಕಂಡರೆ ಮಾತ್ರ ಆಗದು. ಅಂಥವರಿಗೆ ಮನೆಯಲ್ಲಿ ಹೆಣ್ಣು ಕೊಡಬಾರದು ಎನ್ನುವವರೆಗೂ ಹೋಗುತ್ತಾಳೆ.

ಇನ್ನು ಆಕೆಯ ಮನೆ. ಅದೂ ಒಂದು ಕಥೆಯೇ.

ಯಜಮಾನರು ಮೊದಲು ಆಕೆಯ ಅಕ್ಕನ ಗಂಡ. ಅಕ್ಕ ತೀರಿಕೊಂಡಾಗ ಅಕ್ಕನ ಮಗಳು ಇನ್ನೂ ಹಲ್ಲು ಬೀಳುವ ವಯಸ್ಸಿನವಳು. ಹಿರಿಯರು ಕೂತು ಮಾತಾಡಿದರು, ಆಕೆ ಒಪ್ಪಿದಳು. ಬೇರೆಯವರ ಬಲವಂತಕ್ಕಲ್ಲ. ರಜೆ ಬಂತೆಂದರೆ ಚಿಕ್ಕಮ್ಮ ಚಿಕ್ಕಮ್ಮ ಎಂದು ಬೆನ್ನಿಗೆ ಬೀಳುತ್ತಿದ್ದ ಮಗು ಅದು. "ಚಿಕ್ಕಮ್ಮ, ನೀನು ಬಾ. ನೀನು ಕಥೆ ಹೇಳು. ನೀನು ಹೋಗ್ಬೇಡ" ಎಂದು ಸೆರಗು ಹಿಡಿಯುತ್ತಿದ್ದ ಮಗು. ಹೀಗೆ ಭಾವ ಗಂಡನಾದರು. ಇವತ್ತಿಗೂ ಗಾಬರಿಯಾದಾಗ, ಸಿಟ್ಟು ಬಂದಾಗ ಆಕೆಯ ಬಾಯಲ್ಲಿ "ಭಾವ!" ಎಂದೇ ಬಂದುಬಿಡುತ್ತದೆ, ಅಂಗಡಿಗೆ ಬಂದವರು ಪಿಳಿಪಿಳಿ ನೋಡುತ್ತಾರೆ.

ಹುಡುಗಿಗೆ ಮಾತ್ರ ಕರೆಯುವ ಪದ ಬದಲಿಸುವ ಕಷ್ಟವಿರಲಿಲ್ಲ. ಅಮ್ಮನ ತಂಗಿಯೂ ಚಿಕ್ಕಮ್ಮ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮ. ನಮ್ಮ ಭಾಷೆ ಆ ಮಟ್ಟಿಗೆ ಉಪಕಾರಿ. ಆದರೆ ಎದುರುಮನೆಯ ಹಿರಿಯಾಕೆಯೊಬ್ಬಳು, ಅವಳ ಬಾಯಿಗೆ ಮಣ್ಣು ಬೀಳ, ಮಗುವನ್ನು ಮೂಲೆಗೆ ಕರೆದು ಬುದ್ಧಿ ಹೇಳಿದಳು. "ಇನ್ಮೇಲೆ ಅವಳು ಮೊದಲಿನ ಚಿಕ್ಕಮ್ಮ ಅಲ್ಲ ಕಣೇ. ನಿಮ್ಮಪ್ಪನ ಹೆಂಡತಿ. ನೀನು ತಾನು ಅಂತೆಲ್ಲ ಅನ್ಬೇಡ. ನೀವು ಅನ್ನು. ಎದುರು ಮಾತಾಡ್ಬೇಡ. ಹುಷಾರಾಗಿರು."

ಮಗು ಹುಷಾರಾಗಿಬಿಟ್ಟಿತು. ಮಾರನೇ ದಿನದಿಂದ "ನೀವು". ಕರೆದರೆ ಬರುತ್ತಿತ್ತು, ಬಡಿಸಿದ್ದನ್ನು ಉಣ್ಣುತ್ತಿತ್ತು, ಹಟ ಮಾಡುತ್ತಿರಲಿಲ್ಲ. ಹೀಗೇ ದೊಡ್ಡವಳಾದಳು. ಓದಿ, ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಹಿಡಿದಳು. ನೋಡಿದವರೆಲ್ಲ "ಎಷ್ಟು ವಿನಯ, ಎಷ್ಟು ಮರ್ಯಾದೆ! ಮಗಳು ಅಂದ್ರೆ ಹೀಗಿರ್ಬೇಕು" ಎಂದು ಹೊಗಳುವವರೇ. ಕನ್ನಡಕದಮ್ಮ ಆ ಹೊಗಳಿಕೆಯನ್ನು ನುಂಗಿಕೊಂಡು ನಗುತ್ತಿದ್ದಳು. ಒಂದೇ ಒಂದು ದಿನವೂ ಜಗಳವಾಡದ ಮಗಳು ಎಂದರೆ ಏನೆಂದು ಹೆತ್ತವರಿಗೆ ಹೇಗೆ ಗೊತ್ತಾಗಬೇಕು? ಬೇರೆ ಮನೆಗಳಲ್ಲಿ ಅಮ್ಮನೂ ಮಗಳೂ ಬಾಚಣಿಗೆಗಾಗಿ ಕಿತ್ತಾಡುವುದು ಕೇಳಿದರೆ ಆಕೆಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡರೆ "ಚಿಕ್ಕಮ್ಮ ಅಲ್ವಾ..." ಎಂದು ಅರ್ಧಕ್ಕೆ ನಿಲ್ಲಿಸುವವರು ಇದ್ದೇ ಇದ್ದರು. ಟೀವಿಯ ಸುದ್ದಿಯವನು ಯಾವುದೋ ರಸ್ತೆಗೆ ಸರ್ಕಾರದ ಮಲತಾಯಿ ಧೋರಣೆ ಎಂದರೆ ಸಾಕು, ಯಜಮಾನರು ಎಲ್ಲಿದ್ದರೂ ಓಡಿ ಬಂದು ಚಾನೆಲ್ ಬದಲಿಸುತ್ತಿದ್ದರು. ಆಕೆ ಇದ್ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಬಾಯಿಗೆ ಬಾಯಿ ಕೊಡಲಿಲ್ಲ, ಹುಡುಗಿಯ ಮೇಲೆ ಪ್ರೀತಿಯನ್ನು ತುರುಕಲೂ ಇಲ್ಲ. ಅವಳಾಗಿಯೇ ಬರಲಿ ಎಂದು ಕಾದಳು. ಕಾಯುವುದರಲ್ಲಿ ಆಕೆಯದು ಎತ್ತಿದ ಕೈ.

ಆ ದಪ್ಪ ಪುಸ್ತಕ ಬಂದದ್ದು ರದ್ದಿಯ ಜೊತೆ. ಫ್ರೇಮುಗಳನ್ನು ಸುತ್ತಿಡಲು ಯಜಮಾನರು ಹಳೇ ಪೇಪರು ತರಿಸುತ್ತಾರೆ. ಕಟ್ಟು ಬಿಚ್ಚಿದಾಗ ಮಧ್ಯದಲ್ಲಿ ಇದು, ಇಟ್ಟಿಗೆಯ ಹಾಗೆ. ಮುಖಪುಟ ಕಿತ್ತುಹೋಗಿತ್ತು, ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಒಳಗಿನ ಪುಟ ಒಂದೂ ಹೋಗಿರಲಿಲ್ಲ. ಯಜಮಾನರು ಹರಿಯಲು ಕೈ ಹಾಕಿದ್ದರು. "ಭಾವ!" ಎಂದು ಆಕೆ ಕೂಗಿದ ರಭಸಕ್ಕೆ ಅವರ ಕೈ ಅಲ್ಲೇ ನಿಂತಿತು.

ಅದರಲ್ಲಿದ್ದದ್ದು ಇಷ್ಟು. ಒಂದು ದೊಡ್ಡ ಮನೆ. ಒಂದು ಮಧ್ಯಾಹ್ನ ಮನೆಯ ಹಿರಿಯ, ಉಬ್ಬಸದ ಮುದುಕ, ಸಾಮಾನಿನ ಕೋಣೆಯಲ್ಲಿ ಉಸಿರು ಕಟ್ಟಿ ಸತ್ತಿದ್ದಾನೆ. ಬಾಗಿಲಿಗೆ ಹೊರಗಿನಿಂದ ಅಗುಳಿ. ನೋಡಿದ್ದು ಒಂದು ಮಗು ಮಾತ್ರ. ಅದು ಹೇಳಿದ್ದು ಒಂದೇ ಮಾತು: "ಚಿಕ್ಕಮ್ಮ ಬಾಗಿಲು ಹಾಕಿದ್ಲು." ಮನೆಯಲ್ಲಿ ಆ ಮಗುವಿಗೆ ಚಿಕ್ಕಮ್ಮಂದಿರು ಮೂವರು. ಅಪ್ಪನ ಎರಡನೇ ಹೆಂಡತಿ ಒಬ್ಬಳು. ಸತ್ತುಹೋದ ಅಮ್ಮನ ತಂಗಿ, ಮಗುವನ್ನು ನೋಡಿಕೊಂಡು ಹೋಗಲು ಬಂದಿದ್ದವಳು, ಇನ್ನೊಬ್ಬಳು. ಚಿಕ್ಕಪ್ಪನ ಹೆಂಡತಿ ಮತ್ತೊಬ್ಬಳು. ಯಾವ ಚಿಕ್ಕಮ್ಮ ಎಂದು ಕೇಳುವಷ್ಟರಲ್ಲಿ ಮಗುವಿಗೆ ಜ್ವರ ಬಂತು, ಜ್ವರ ಬಿಟ್ಟ ಮೇಲೆ ಅದು ಆ ವಿಷಯಕ್ಕೆ ಬಾಯಿ ಬಿಡಲಿಲ್ಲ. ಮನೆ ಮೂರು ಹೋಳಾಯಿತು. ಮಕ್ಕಳು, ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡದೆ ಬೆಳೆದರು. ಈಗ ಮರಿಮಗಳೊಬ್ಬಳು ಎಲ್ಲರ ಮನೆ ಬಾಗಿಲು ತಟ್ಟಿ, ಮುಚ್ಚಿಟ್ಟದ್ದನ್ನು ಕೆದಕುತ್ತಾ ಹೊರಟಿದ್ದಾಳೆ.

ಕನ್ನಡಕದಮ್ಮ ಊಟದ ಮೇಜಿನ ಮೇಲೆ ಮರೆತುಬಂದ ಪುಸ್ತಕವನ್ನು ಮಗಳು ಸುಮ್ಮನೆ ತಿರುವಿಹಾಕಿದಳು. ಮಾರನೇ ಬೆಳಿಗ್ಗೆ ಚಹಾ ಕುಡಿಯುವಾಗ ತಲೆ ಎತ್ತದೆ ಕೇಳಿದಳು:

"ಚಿಕ್ಕಮ್ಮ, ಆ ಮನೇಲಿ ಸಾಮಾನಿನ ಕೋಣೆಗೆ ಕಿಟಕಿ ಇತ್ತಾ?"

ಕನ್ನಡಕದಮ್ಮನ ಕೈಯ ಲೋಟ ಅಲ್ಲೇ ನಿಂತಿತು. ಹುಡುಗಿ ತಾನಾಗಿ ಮಾತು ತೆಗೆದಿದ್ದಳು! "ಇತ್ತಲ್ಲ. ಆದ್ರೆ ಅದಕ್ಕೆ ಮೂಟೆ ಅಡ್ಡ ಇಟ್ಟಿದ್ರು" ಎಂದಳು, ಆದಷ್ಟು ಸಾಧಾರಣ ದನಿಯಲ್ಲಿ.

ಅಲ್ಲಿಂದ ಶುರುವಾಯಿತು. ಪುಸ್ತಕ ಒಂದು, ಓದುವವರು ಇಬ್ಬರು. ಹಗಲು ಅದು ಅಂಗಡಿಯಲ್ಲಿ ಅಥವಾ ಲ್ಯಾಬಿನಲ್ಲಿ, ಸಂಜೆ ಮನೆಯಲ್ಲಿ. ಗುರುತಿಗೆ ಆಕೆಯದು ಗಾಜು ಒರೆಸುವ ಬಟ್ಟೆಯ ಚೂರು, ಮಗಳದು ಬಸ್ ಟಿಕೆಟ್. ಮುಂದೆ ಹೋದವರು ತುಟಿ ಪಿಟಕ್ಕೆನ್ನಬಾರದು ಎಂಬುದೊಂದೇ ನಿಯಮ. ಇಬ್ಬರೂ ಒಂದೇ ಕಡೆಗೆ ತಲುಪಿದ ದಿನ ಮನೆಯಲ್ಲಿ ಗದ್ದಲವೋ ಗದ್ದಲ. "ಆ ಮನೆಯ ದೊಡ್ಡ ಸೊಸೆ ಮಹಾ ಕಳ್ಳಿ", "ಅವರ ಅತ್ತೆ ಕಮ್ಮಿನಾ?" ಎಂದು ಇಬ್ಬರೂ ಕಿಟಕಿ ತೆರೆದಿಟ್ಟುಕೊಂಡೇ ಮಾತಾಡುತ್ತಿದ್ದರೆ, ಅಕ್ಕಪಕ್ಕದವರು ಯಾರ ಮನೆಯ ಸುದ್ದಿಯಪ್ಪ ಇದು ಎಂದು ಕಿವಿ ನಿಮಿರಿಸುತ್ತಿದ್ದರು.

ಕನ್ನಡಕದಮ್ಮನ ಗುಮಾನಿಯೆಲ್ಲ ಚಿಕ್ಕಪ್ಪನ ಹೆಂಡತಿಯ ಮೇಲೆ. ಅದಕ್ಕೆ ಕಾರಣ ಹೇಳಬೇಕೇ? ಮೂವರಲ್ಲಿ ಇಬ್ಬರು ಆಕೆಯೇ. ಮಲತಾಯಿ ಎಂದಾದರೂ ಆಕೆಗೆ ಏಟು, ಅಮ್ಮನ ತಂಗಿ ಎಂದಾದರೂ ಆಕೆಗೆ ಏಟು. ಉಳಿದವಳು ಪಾಪದ ಚಿಕ್ಕಪ್ಪನ ಹೆಂಡತಿ. ಹೇಗಾದರೂ ಮಾಡಿ ಅವಳ ತಲೆಗೇ ಕಟ್ಟಬೇಕೆಂದು ಕನ್ನಡಕದಮ್ಮ ವಕೀಲರ ಹಾಗೆ ವಾದಿಸುತ್ತಿದ್ದಳು.

ಮಗಳ ವಾದವೇ ಬೇರೆ. "ಮೂವರೂ ಅಲ್ಲ. ಮಗುವಿನ ಬಾಯಿಗೆ ಯಾರೋ ಆ ಮಾತು ತುರುಕಿದಾರೆ."

"ಅಷ್ಟು ಸಣ್ಣ ಮಗು ಸುಳ್ಳು ಹೇಳುತ್ತೇನೇ?"

"ಸುಳ್ಳಲ್ಲ. ಆ ವಯಸ್ಸಲ್ಲಿ ದೊಡ್ಡೋರು ಏನು ಹೇಳ್ಕೊಟ್ರೂ ನಿಜ ಅಂದ್ಕೊಂಡು ಹೇಳಿಬಿಡ್ತೀವಿ. ನಿನಗೆ ಏನೂ ಗೊತ್ತಾಗಲ್ಲ ಚಿಕ್ಕಮ್ಮ! ಸುಮ್ನೆ ಆ ಚಿಕ್ಕಪ್ಪನ ಹೆಂಡತೀನೇ ಹಿಡ್ಕೊಂಡು ಕೂತಿದೀಯ!"

ನಿನಗೆ. ಕೂತಿದೀಯ. ಮಗಳಿಗೆ ತಾನೇನು ಅಂದೆನೆಂಬ ಪರಿವೆಯೂ ಇರಲಿಲ್ಲ, ಮುಖ ಕೆಂಪಗೆ ಮಾಡಿಕೊಂಡು ಪುಟ ಹುಡುಕುತ್ತಿದ್ದಳು. ಕನ್ನಡಕದಮ್ಮ "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆಕೆ ಗೋಡೆಗೆ ಒರಗಿ ನಿಂತು ಬಾಯಿಗೆ ಕೈ ಒತ್ತಿಕೊಂಡು ಅತ್ತಳು, ನಕ್ಕಳು. ಮಗಳು ಬೈದಳಲ್ಲ! ಮನೆಯಲ್ಲಿ ಮಗಳೊಬ್ಬಳು ಅಮ್ಮನಾದವಳಿಗೆ ಬೈಯುವ ಹಾಗೆ, ನಿರ್ಭಯವಾಗಿ, ಹುರುಪಿನಿಂದ ಬೈದಳು. ಅವತ್ತು ಯಜಮಾನರಿಗೆ ಎರಡು ಸಲ ಚಹಾ ಸಿಕ್ಕಿತು, ಯಾಕೆಂದು ಅವರಿಗೆ ಗೊತ್ತಾಗಲಿಲ್ಲ.

ದಿನವೂ ಜಗಳ, ದಿನವೂ "ನೀನು". ಪುಸ್ತಕ ಮುಗಿಯುತ್ತಾ ಬಂತು. ಆಗ ಬಂದರು, ಆ ನಿವೃತ್ತ ಬಸ್ ಕಂಡಕ್ಟರು.

ಕನ್ನಡಕದಮ್ಮ ಒಳಗೆ ಸಾಣೆಗೆ ಕೂತಿದ್ದಳು. ಕಂಡಕ್ಟರಿಗೆ ಹೊಸ ಕನ್ನಡಕ ಸಿದ್ಧವಾಗಿತ್ತು, ಓದಿಸಿ ಕಳಿಸಬೇಕಿತ್ತು. ಹೆಂಡತಿಗೆ ಯಾಕೆ ತೊಂದರೆ ಎಂದು ಯಜಮಾನರು ತಾವೇ ಮುಂದಾದರು. ಅವರು ಜನ್ಮದಲ್ಲಿ ಒಂದು ಕಾದಂಬರಿ ಓದಿದವರಲ್ಲ. ಅವರ ಲೆಕ್ಕದಲ್ಲಿ ಪುಸ್ತಕವೆಂದರೆ ಎಲ್ಲ ಪುಟವೂ ಒಂದೇ. ಮೇಜಿನ ಮೇಲಿದ್ದದ್ದನ್ನು ಎತ್ತಿ, ಹಿಂದಿನಿಂದ ತೆರೆದು ಅವರ ಕೈಗೆ ಕೊಟ್ಟರು. ಕಂಡಕ್ಟರು ಗಂಟಲು ಸರಿಮಾಡಿಕೊಂಡು, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ದನಿಯಲ್ಲಿ ಓದಿದರು:

"ಅಗುಳಿ ಹಾಕಿದವಳು ಚಿಕ್ಕಮ್ಮನೇ. ಮಗು ಹೇಳಿದ್ದು ನಿಜವಾಗಿತ್ತು. ಇಷ್ಟು ವರ್ಷ ಎಲ್ಲರೂ..."

"ಭಾವ!"

ಯಂತ್ರ ನಿಲ್ಲಿಸುವುದನ್ನೂ ಮರೆತು ಆಕೆ ಹೊರಗೆ ಹಾರಿ ಬಂದು ಪುಸ್ತಕ ಕಿತ್ತುಕೊಂಡಳು. ಕಂಡಕ್ಟರು ಬೆಪ್ಪಾಗಿ "ಚೆನ್ನಾಗಿ ಕಾಣ್ತಿತ್ತಲ್ಲಮ್ಮ" ಎಂದರು. ಯಜಮಾನರು ಏನು ತಪ್ಪಾಯಿತೆಂದು ತಿಳಿಯದೆ ಕಪಾಟು ಒರೆಸತೊಡಗಿದರು. ಒಳಗೆ ಯಂತ್ರದಲ್ಲಿದ್ದ ಗಾಜು ಹಾಳಾಗಿತ್ತು. ಅದು ಹಾಳಾದದ್ದು ಆಕೆಗೆ ಗೊತ್ತಾದದ್ದೂ ಎಷ್ಟೋ ಹೊತ್ತಿನ ಮೇಲೆ.

ಚಿಕ್ಕಮ್ಮನೇ! ಮಗುವಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಗಳ ವಾದ ಬಿದ್ದುಹೋಯಿತು. ಆದರೆ ಯಾವ ಚಿಕ್ಕಮ್ಮ? ಅದು ಆ ಕಂಡಕ್ಟರು ಓದದೆ ಬಿಟ್ಟ ಮುಂದಿನ ಸಾಲುಗಳಲ್ಲೆಲ್ಲೋ ಇತ್ತು. ಪುಸ್ತಕ ಕೈಯಲ್ಲೇ ಇತ್ತು. ತೆರೆದು ನೋಡಿದರೆ ಮುಗಿಯಿತು.

ಆಕೆ ನೋಡಲಿಲ್ಲ. ನೋಡದೆ ಇದ್ದದ್ದು ದೊಡ್ಡ ನೀತಿಯಿಂದ ಎಂದುಕೊಳ್ಳಬೇಡಿ, ಹೆದರಿಕೆಯಿಂದ. ಇಷ್ಟು ಕಾದಂಬರಿ ಓದಿದವಳಿಗೆ ಬರೆಯುವವರ ಬುದ್ಧಿ ಗೊತ್ತಿಲ್ಲವೇ? ಹಳೇ ಮನೆ, ಹೆತ್ತವಳಲ್ಲದ ತಾಯಿ, ಬಾಗಿಲಿಗೆ ಅಗುಳಿ. ಅವರ ಕೈ ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕೆ? ಮಗಳು ಅದನ್ನು ಓದುತ್ತಾಳೆ. ಓದಿ ತಲೆ ಎತ್ತಿ ತನ್ನನ್ನು ನೋಡುತ್ತಾಳೆ. ಎದುರುಮನೆಯಾಕೆ ಅಂದು ಹೇಳಿದ್ದನ್ನೇ ಇಂದು ದಪ್ಪ ಪುಸ್ತಕವೂ ಹೇಳಿದ ಹಾಗಾಗುತ್ತದೆ. ಆಮೇಲೆ ಮತ್ತೆ "ನೀವು". ಯೋಚಿಸಿದರೆ ನಗು ಬರುವಂಥದ್ದೇ. ಯಾರೋ ಬರೆದ, ಎಂದೂ ಇಲ್ಲದ ಮನೆಯ, ಎಂದೂ ಹುಟ್ಟದ ಹೆಂಗಸು ಏನು ಮಾಡಿದರೆ ನಮಗೇನು? ಆದರೆ ಕನ್ನಡಕದಮ್ಮನಿಗೆ ನಗು ಬರಲಿಲ್ಲ. ಆಕೆಗೆ ಸಿಕ್ಕಿದ್ದು "ನೀನು" ಎಂಬ ಅದೊಂದೇ ಪದ, ಅದಕ್ಕಾಗಿ ಎಷ್ಟು ಕಾದಿದ್ದಳೆಂದು ಆಕೆಗೇ ಗೊತ್ತು.

ಪುಸ್ತಕವನ್ನು ಹಳೇ ಫ್ರೇಮುಗಳ ಡಬ್ಬಿಯ ಕೆಳಗೆ ತುರುಕಿದಳು. ಸಂಜೆ ಮಗಳು ಕೇಳಿದರೆ ಕಳೆದುಹೋಯಿತು ಎನ್ನುವುದು ಎಂದು ಗಟ್ಟಿ ಮಾಡಿಕೊಂಡಳು. ಸಂಜೆ ಮಗಳು ಅಂಗಡಿಗೇ ಬಂದು ಕೇಳಿದಾಗ ನಾಲಿಗೆ ಹೊರಳಲಿಲ್ಲ. ಸುಳ್ಳು ಹೇಳುವ ಅಭ್ಯಾಸವಿಲ್ಲದವರ ಕಷ್ಟ ಇದು. ಎದ್ದು ಹೋಗಿ, ಡಬ್ಬಿ ಸರಿಸಿ, ತಂದು ಕೊಟ್ಟಳು. "ನೀನು ಮೊದ್ಲು ಓದು. ನಂಗೆ ಕೆಲಸ ಇದೆ."

ಮಾರನೇ ದಿನ ಮಗಳು ಅದನ್ನು ಲ್ಯಾಬಿಗೆ ಒಯ್ದಳು. ಅವತ್ತು ತಡವಾಗಿ ಬಂದಳು, ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಬಸ್ ಟಿಕೆಟ್ಟು ಮೊದಲಿದ್ದ ಪುಟದಲ್ಲೇ ಇತ್ತು.

"ಓದ್ಲಿಲ್ವಾ?"

"ಇಲ್ಲ ಚಿಕ್ಕಮ್ಮ. ತಲೆನೋವು." ಸ್ವಲ್ಪ ತಡೆದು, ಬೇರೆ ಕಡೆ ನೋಡುತ್ತಾ, "ಸಾಕು ಬಿಡಿ ಚಿಕ್ಕಮ್ಮ. ಕೊನೆ ತುಂಬಾ ಸಪ್ಪೆ ಅಂತೆ. ಲ್ಯಾಬಲ್ಲಿ ಯಾರೋ ಹೇಳಿದ್ರು. ನೀವೂ ಓದ್ಬೇಡಿ."

ಬಿಡಿ. ನೀವೂ. ಕನ್ನಡಕದಮ್ಮನ ಕಿವಿ ಎರಡನ್ನೂ ಹಿಡಿಯಿತು. ಅಂದರೆ ಆ ಲ್ಯಾಬಿನವರು ಕೊನೆಯನ್ನು ಹೇಳಿಬಿಟ್ಟಿದ್ದಾರೆ. ಹುಡುಗಿಗೆ ತನ್ನ ಮುಖ ನೋಡಲಾಗುತ್ತಿಲ್ಲ. ಆಮೇಲಿನ ದಿನಗಳಲ್ಲಿ ಮನೆಯ ಕಿಟಕಿ ತೆರೆದೇ ಇದ್ದರೂ ಪಕ್ಕದವರಿಗೆ ಕೇಳಲು ಏನೂ ಸಿಗಲಿಲ್ಲ. ಮಗಳು ಬಡಿಸಿದ್ದನ್ನು ಉಂಡಳು, ತಟ್ಟೆ ತೊಳೆದಿಟ್ಟಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಯಜಮಾನರೇ ತಡೆಯಲಾರದೆ "ಆ ಮನೆಯವರೆಲ್ಲ ಹೇಗಿದಾರೆ?" ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ "ಚೆನ್ನಾಗಿದಾರೆ" ಎಂದು ಎದ್ದುಹೋದರು.

ತಲೆನೋವು ಮಾತ್ರ ನೆಪವಾಗಿರಲಿಲ್ಲ. ಮಗಳು ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವವಳು. ಮೇಲಿನ ಡಾಕ್ಟರು ಪರೀಕ್ಷೆಗೆಂದು ಅವಳ ಕಣ್ಣಿಗೆ ಹನಿ ಹಾಕಿದರು. ಆ ಹನಿ ಹಾಕಿದರೆ ಪಾಪೆ ಹಿಗ್ಗಿ, ಸಂಜೆಯವರೆಗೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಹೊರಗೆ ಬಿಸಿಲು ಕುದಿಯುತ್ತಿತ್ತು. ಮಗಳು ಕಪ್ಪು ಕನ್ನಡಕ ಹಾಕಿಕೊಂಡು, ಕೈಚಾಚಿ ಮೆಟ್ಟಿಲು ತಡವುತ್ತಾ ಇಳಿದು ಬಂದು, ಒಳಗಿನ ಕೋಣೆಯಲ್ಲಿ ಗೋಡೆಗೊರಗಿ ಸ್ಟೂಲಿನ ಮೇಲೆ ಕೂತಳು. ಯಜಮಾನರು ಊಟಕ್ಕೆಂದು ಮನೆಗೆ ಹೋಗಿದ್ದರು. ಬಾಗಿಲು ಅರ್ಧ ಎಳೆದಿತ್ತು.

ಕನ್ನಡಕದಮ್ಮ ಯಂತ್ರ ನಿಲ್ಲಿಸಿದಳು. ಹೀಗೆ ಎಷ್ಟು ದಿನ? ಹುಡುಗಿ ಯಾರದೋ ಬಾಯಿಂದ ಅರ್ಧಂಬರ್ಧ ಕೇಳಿದ್ದಾಳೆ, ತಾನೂ ಅರ್ಧ ಕೇಳಿದ್ದೇನೆ. ಏನಿದೆಯೋ ಅದು ಇಬ್ಬರ ಕಿವಿಗೂ ಒಟ್ಟಿಗೆ ಬೀಳಲಿ. ಮತ್ತೆ ಡಬ್ಬಿಯ ಕೆಳಗೆ ಸೇರಿಸಿದ್ದ ಪುಸ್ತಕ ತೆಗೆದು, "ಕೊನೇ ಅಧ್ಯಾಯ ಓದ್ತೀನಿ, ಕೇಳು" ಎಂದಳು.

"ಬೇಡ ಚಿಕ್ಕಮ್ಮ."

"ಇಷ್ಟು ದೂರ ಬಂದು ಬೇಡ ಅಂದ್ರೆ ಹೇಗೆ?"

"ಬೇಡ ಅಂದ್ನಲ್ಲ. ಬಿಡಿ."

"ಕೇಳು" ಎಂದು ಆಕೆ ಓದತೊಡಗಿದಳು.

ಮರಿಮಗಳು ಕೊನೆಗೂ ಆ ಮಗುವಿನ ಎದುರು ಕೂತಿದ್ದಾಳೆ. ಮಗು ಈಗ ಹಣ್ಣುಹಣ್ಣು ಮುದುಕಿ. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಆ ಮಧ್ಯಾಹ್ನವನ್ನು ಹೇಳುತ್ತಾ ಹೋಗುತ್ತಾಳೆ. ಬರೆದವರು ಪಳಗಿದ ಕೈಯವರು, ಸುಳ್ಳು ಹೇಳಬಾರದು. ಅಂಗಳದ ಬಿಸಿಲು, ಮುದುಕನ ಕೆಮ್ಮು, ಮಗುವಿನ ಬರಿಗಾಲು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಅಷ್ಟು ಹೆದರಿಕೆಯಲ್ಲೂ ಕನ್ನಡಕದಮ್ಮ ಕಥೆಯೊಳಗೆ ಜಾರಿಹೋದಳು. ಕಂಡಕ್ಟರು ಓದಿದ ಸಾಲು ಬಂತು, ದಾಟಿತು. ಪುಟ ತಿರುಗಿಸಿದಳು. ಕಣ್ಣು ದನಿಗಿಂತ ಮುಂದೆ ಓಡುತ್ತದೆ. ಓದಿ ಹೇಳುವವರಿಗೆಲ್ಲ ಗೊತ್ತಿರುವ ಸಂಗತಿ ಅದು. ನಾಲ್ಕು ಸಾಲು ಕೆಳಗೆ ಆ ಪದ ಕೂತಿರುವುದು ಆಕೆಗೆ ಕಂಡಿತು.

ಮಲತಾಯಿ.

ಮಗಳಿಗೆ ಕಾಣುತ್ತಿಲ್ಲ. ಕಪ್ಪು ಗಾಜು, ಹಿಗ್ಗಿದ ಪಾಪೆ. ಇಡೀ ಪುಟ ಆಕೆಯ ಕೈಯಲ್ಲಿದೆ. ಆ ಒಂದು ಪದ ತೆಗೆದು ಅಲ್ಲಿ ಚಿಕ್ಕಪ್ಪನ ಹೆಂಡತಿ ಎಂದಿಟ್ಟರೆ? ಲ್ಯಾಬಿನವರು ತಪ್ಪು ಹೇಳಿದರು ಎಂದಾಗುತ್ತದೆ. ಎದುರುಮನೆಯಾಕೆಯೂ ತಪ್ಪು ಎಂದಾಗುತ್ತದೆ. ಯಾರಿಗೂ ನಷ್ಟವಿಲ್ಲ. ಆಮೇಲೆ ಪುಸ್ತಕವನ್ನು ಫ್ರೇಮು ಸುತ್ತಲು ಹರಿದುಹಾಕಿದರಾಯಿತು. ಮೂರು ಸಾಲು ಉಳಿಯಿತು. ಎರಡು. ಎಷ್ಟು ಸುಲಭವಿತ್ತೆಂದರೆ ಆಕೆಯ ತುಟಿ ಆಗಲೇ "ಚಿಕ್ಕ" ಎನ್ನಲು ಸಿದ್ಧವಾಗಿತ್ತು.

ಆದರೆ ಇದೇ ಅಂಗಡಿಯಲ್ಲಿ ಕಾಣದ ಕಣ್ಣಿನವರನ್ನು ಎದುರಿಗೆ ಕೂರಿಸಿಕೊಂಡು ಆಕೆ ಇಷ್ಟು ಕಾಲ ಬದುಕಿದ್ದಳು. ಕಾಣದವರಿಗೆ ಇಲ್ಲದ್ದನ್ನು ಓದುವುದು ಆಕೆಯಿಂದ ಆಗುವ ಕೆಲಸವಲ್ಲ. ಅದೂ ಈ ಹುಡುಗಿಗೆ!

"ಅಗುಳಿ ಹಾಕಿದ ಕೈ ಮಲತಾಯಿಯದು" ಎಂದು ಓದಿದಳು. ದನಿ ಒಡೆಯಲಿಲ್ಲ. ಮುಂದಿನದನ್ನೂ ಓದಿದಳು. "ಹೆತ್ತವಳಲ್ಲದವಳ ಎದೆಯಲ್ಲಿ ಆ ಮಗುವಿಗೆ ಎಂದೂ ಜಾಗವಿರಲಿಲ್ಲ. ಅವಳ ಮುದ್ದು, ಅವಳ ಕಥೆಗಳು, ಎಲ್ಲವೂ ನಟನೆಯಾಗಿದ್ದವು." ಅಧ್ಯಾಯ ಇನ್ನೂ ಇತ್ತು. ಒಂದು ಪದ ಬಿಡದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಕಡೆಯ ಚುಕ್ಕಿಯವರೆಗೂ ಓದಿದಳು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ತಲೆ ಎತ್ತಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

"ನಾನು ಅವತ್ತೇ ಓದಿ ಮುಗಿಸಿದೀನಿ" ಎಂದಳು ಮಗಳು. "ಲ್ಯಾಬಲ್ಲಿ ಕೂತ್ಕೊಂಡು. ಟಿಕೆಟ್ಟು ಬೇಕಂತಲೇ ಹಳೇ ಪುಟದಲ್ಲಿ ಇಟ್ಟಿದ್ದೆ. ಯಾರೂ ಏನೂ ಹೇಳಿರ್ಲಿಲ್ಲ."

ಕನ್ನಡಕದಮ್ಮ ಪುಸ್ತಕದಿಂದ ಇಣುಕುತ್ತಿದ್ದ ಬಸ್ ಟಿಕೆಟ್ಟನ್ನು ನೋಡಿದಳು.

"ನೀನು ಓದೋದು ಬೇಡ ಅಂತಿತ್ತು ನಂಗೆ. ಅದಕ್ಕೇ ಸಪ್ಪೆ ಅಂತ ಹೇಳ್ದೆ. ನಿನ್ನ ಮುಖ ನೋಡಿದ್ರೆ ಎಲ್ಲಿ ಬಾಯಿ ಬಿಡ್ತೀನೋ ಅಂತ ಮುಖಾನೇ ನೋಡ್ತಿರ್ಲಿಲ್ಲ. ಈಗ್ಲೂ, ಆ ಸಾಲು ಬಂದಾಗ ಬದಲಾಯಿಸಿ ಓದ್ಲಿ ದೇವ್ರೇ ಅಂದ್ಕೊಂಡೆ. ಬದಲಾಯಿಸಿದ್ರೂ ಸುಮ್ನೆ ಇರ್ತಿದ್ದೆ, ಗೊತ್ತಾ? ಒಂದು ಪದಾನೂ ಬಿಡ್ಲಿಲ್ವಲ್ಲ ನೀನು." ಮಗಳ ಮೂಗು ಕಟ್ಟಿತ್ತು. ಹನಿ ಹಾಕಿದ ಕಣ್ಣು ಉಜ್ಜಬಾರದು ಎಂದಿದ್ದರು ಡಾಕ್ಟರು, ಅವಳು ಕಪ್ಪು ಕನ್ನಡಕದ ಕೆಳಗೆ ಬೆರಳು ತೂರಿಸಿ ಉಜ್ಜಿಕೊಂಡಳು.

"ಪುಸ್ತಕ ಚೆನ್ನಾಗೇ ಇದೆ" ಎಂದಳು ಕನ್ನಡಕದಮ್ಮ, ಏನಾದರೂ ಹೇಳಬೇಕಲ್ಲ ಎಂದು.

"ಚೆನ್ನಾಗಿದೆ. ಅದೊಂದು ಪುಟ ಬಿಟ್ಟು." ಮಗಳು ಸ್ಟೂಲನ್ನು ಎಳೆದುಕೊಂಡು ಹತ್ತಿರ ಬಂದಳು. ಕೈಚಾಚಿ, ಸರಿಯಾಗಿ ಕಾಣದೆ ಮೊದಲು ಮೇಜನ್ನು, ಆಮೇಲೆ ಪುಸ್ತಕವನ್ನು, ಕೊನೆಗೆ ಆಕೆಯ ಮೊಣಕೈಯನ್ನು ಹಿಡಿದಳು.

"ಪಾಪ, ಚಿಕ್ಕಮ್ಮ, ಅದನ್ನ ಬರೆದೋರಿಗೆ ಚಿಕ್ಕಮ್ಮ ಇರ್ಲಿಲ್ಲ ಅನ್ಸುತ್ತೆ."